ಗೋಡೆಯಾಚೆಯ ಬಿಸಿ

ನಾನು ಒಂದು ಗ್ಯಾಸ್ ಎಂಜಿನ್. ಹುಟ್ಟಿದ್ದು ಪುಣೆಯ ಹತ್ತಿರದ ಒಂದು ಶೆಡ್ಡಿನಲ್ಲಿ. ಎರಕದ ಕಬ್ಬಿಣದ ಮೈ, ಪಕ್ಕದಲ್ಲಿ ಜನರೇಟರು, ಬೆನ್ನಿಗೆ ಒಂದು ಬಾಯ್ಲರು; ಮೂರೂ ಸೇರಿದರೆ ನಾನು. ಪೈಪಿನಲ್ಲಿ ಬರುವ ಗ್ಯಾಸು ಉರಿಸಿ ಕರೆಂಟು ಕೊಡುತ್ತೇನೆ. ಉರಿದ ಮೇಲೆ ಉಳಿಯುವ ಬಿಸಿಯಲ್ಲಿ ನೀರು ಕುದಿಸಿ ಉಗಿ ಕೊಡುತ್ತೇನೆ. ಒಂದೇ ಉರಿಯಲ್ಲಿ ಎರಡು ಕೆಲಸ. ಕೊಂಡವರೆಲ್ಲ ಈ ಎರಡಕ್ಕೇ ಕೊಂಡರು.

ಮೂರನೆಯದೂ ಒಂದಿದೆ. ಎಷ್ಟು ಹೊದಿಸಿದರೂ ನನ್ನ ಮೈಯಿಂದ ಸ್ವಲ್ಪ ಬಿಸಿ ಸೋರುತ್ತದೆ. ಅದರಿಂದ ನನ್ನ ಸುತ್ತ ಒಂದು ಕೋಣೆಯಷ್ಟು ಜಾಗದಲ್ಲಿ ಬೇರೆಯದೇ ಹವೆ. ಊರಿಗೆಲ್ಲ ಮಾಗಿಯ ಚಳಿ ಇದ್ದರೂ ನನ್ನ ಪಕ್ಕ ಇರುವುದಿಲ್ಲ. ಅದಕ್ಕೆ ಮೀಟರಿಲ್ಲ, ಬಿಲ್ಲಿಲ್ಲ. ನಾನು ಹೇಳಹೊರಟಿರುವುದು ಆ ಬಿಸಿಯ ಕಥೆ.

ಮೊದಲು ನನ್ನನ್ನು ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಕೂರಿಸಿದರು. ಮೇಲೆ ಜನ ನನ್ನ ಬಿಸಿನೀರಿನಲ್ಲಿ ಮೀಯುತ್ತಿದ್ದರು. ನಾನು ಇದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಹವೆ ಉಪಯೋಗಕ್ಕೆ ಬಂದದ್ದು ವಾಚ್‌ಮನ್ನುಗಳ ಒದ್ದೆ ಕಾಲುಚೀಲಕ್ಕೆ ಮಾತ್ರ. ಹೋಟೆಲು ಕೈ ಬದಲಾಯಿತು. ಹೊಸಬರಿಗೆ ನಾನು ಬೇಡವಾದೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇಟ್ಟಿದ್ದ ಇನಾಯತ್ ಸಾಹೇಬರು ನನ್ನನ್ನು ಕೊಂಡರು. ಗೂಡು ಬೇಯಿಸಲು ಉಗಿ ಬೇಕು, ರಾಟೆ ತಿರುಗಲು ಕರೆಂಟು ಬೇಕು. ನಾನು ಅವರಿಗೆ ಸರಿಯಾಗಿದ್ದೆ.

ಅವರು ನನ್ನನ್ನು ಕೂರಿಸಿದ್ದು ಹಿಂದಿನ ಗೋಡೆಗೆ ಒತ್ತಿ. ಗೋಡೆಯ ಆ ಕಡೆ ಹೊಂಬಾಳಮ್ಮನವರ ಚಾಕಿ ಮನೆ. ಮೊಟ್ಟೆಯೊಡೆದ ರೇಷ್ಮೆಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಮಾರುವುದು ಅವರ ಕಸುಬು. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಬಿಡುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಒಂದು ತಟ್ಟೆಯ ಹುಳುವೆಲ್ಲ ಒಟ್ಟಿಗೆ ಜ್ವರಕ್ಕೆ ಹೋಗಬೇಕು, ಒಟ್ಟಿಗೆ ಏಳಬೇಕು. ಅರ್ಧ ಮಲಗಿ ಅರ್ಧ ಎದ್ದರೆ ಸೊಪ್ಪು ಹಾಕುವುದು ಯಾರಿಗೆ?

ನಾನು ಬಂದ ದಿನವೇ ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದರು.

“ಸಾಬ್ರೆ, ಈ ದೆವ್ವಾನ ನನ್ನ ಗೋಡೆಗೇ ಯಾಕೆ ತಂದು ಇಕ್ಕಿದ್ರಿ? ಹೊಗೆ ತಗುಲಿದ್ರೆ ನನ್ನ ಹುಳಾ ಉಳೀತವಾ?”

“ಗ್ಯಾಸಿಗೆ ಹೊಗೆ ಎಲ್ಲೈತೆ ಅಕ್ಕಾ? ನಿಮ್ಮನೆ ಒಲೆಗಿಂತ ಚೊಕ್ಕ ಇದು.”

“ನನ್ನ ಒಲೆ ಸುದ್ದಿ ನಿಮಗ್ಯಾಕೆ? ಆ ಕೊಳವೆ ಮೇಲಕ್ಕೆ ಏರಿಸ್ರಿ. ಇಲ್ದಿದ್ರೆ ನಾನೇ ಗೋಣಿ ತುರುಕ್ತೀನಿ.”

ಸಾಹೇಬರು ಚಿಮಣಿ ಏರಿಸಿದರು. ಜಗಳ ನಿಂತಿತು, ಬೈಗುಳ ನಿಲ್ಲಲಿಲ್ಲ. ಗೋಡೆಯ ಮೇಲ್ಗಡೆ ಒಂದು ಗಾಳಿಕಿಂಡಿ ಇತ್ತು. ನನ್ನ ಬಿಸಿ ಅದರಲ್ಲಿ ಆ ಕಡೆ ಹೋಗುತ್ತಿತ್ತು, ಅವರ ಮಾತು ಈ ಕಡೆ ಬರುತ್ತಿತ್ತು.

ಆ ಚಳಿಗಾಲ ಹೊಂಬಾಳಮ್ಮ ಎಂದಿನಂತೆ ಇದ್ದಲ ಅಗ್ಗಿಷ್ಟಿಕೆ ಹಚ್ಚಿಟ್ಟರು. ಸೆಖೆಯಾಯಿತು, ತೆಗೆದಿಟ್ಟರು. “ಈ ವರ್ಸ ಚಳೀನೇ ಇಲ್ಲ” ಅಂದರು. ಮರುವರ್ಷ ಅಗ್ಗಿಷ್ಟಿಕೆಗಳು ಹಿತ್ತಲು ಸೇರಿದವು. ಹುಳುಗಳು ಪರೇಡಿನಂತೆ ಒಟ್ಟಿಗೆ ಮಲಗಿ ಒಟ್ಟಿಗೆ ಎದ್ದವು. ಹೊಂಬಾಳಮ್ಮನ ಕೈಗುಣ ಎಂಬ ಮಾತು ಮಾಗಡಿಯವರೆಗೆ ಹಬ್ಬಿತು. ಅವರ ಕೈಯಲ್ಲಿ ಏನೂ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಎಳೆ ಸೊಪ್ಪು ಆರಿಸುವುದರಲ್ಲಿ, ಸಣ್ಣಗೆ ಹೆಚ್ಚುವುದರಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ. ಆದರೆ ಬೇಸಿಗೆ ಬಂದರೆ ಗಾಳಿಕಿಂಡಿಗೆ ಒದ್ದೆ ಗೋಣಿ ತುರುಕಿ, “ಸಾಬ್ರ ಮಿಷನ್ನು ನನ್ನ ಹುಳಾನ ಬೇಯಿಸ್ತಾ ಐತೆ” ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಬೇಸಿಗೆಯ ಬಿಸಿ ನನ್ನದು, ಚಳಿಗಾಲದ ಬಿಸಿ ಅವರ ಕೈಯದು! ನನಗೆ ಬಾಯಿದ್ದಿದ್ದರೂ ಅವರೊಡನೆ ವಾದ ಮಾಡಿ ಗೆಲ್ಲುತ್ತಿರಲಿಲ್ಲ.

ಹೀಗಿರುವಾಗ ಅವರ ಮಗನಿಗೆ ಮದುವೆಯಾಯಿತು. ಸೊಸೆ ನೇತ್ರಾ. ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದವಳು. ಸೂಪರ್‌ವೈಸರನ ಬೈಗುಳ ಕೇಳಿ ಕೇಳಿ ಸಾಕಾಗಿ ಆ ಕೆಲಸ ಬಿಟ್ಟಿದ್ದಳು. ಹುಳುವಿನ ಕೆಲಸ ಅವಳಿಗೆ ಹಿಡಿಸಿತು. ಅತ್ತೆಯ ಬೈಗುಳ ಕಡಿಮೆಯೇನಲ್ಲ. ಆದರೂ ಇದು ತನ್ನ ಮನೆಯ ಕೆಲಸ, ನಾಳೆ ತನ್ನದೇ ಆಗುವ ಕೆಲಸ.

ಒಂದು ಪುಷ್ಯಮಾಸ. ಮಗಳ ಬಾಣಂತನಕ್ಕೆಂದು ಹೊಂಬಾಳಮ್ಮ ಕನಕಪುರಕ್ಕೆ ಹೊರಟರು. ಚಾಕಿ ಮನೆಯ ಬೀಗದ ಕೈ ಮೊದಲ ಸಲ ನೇತ್ರಾಳ ಸೊಂಟಕ್ಕೆ ಬಂತು. ಅದೇ ವಾರ ನನ್ನ ಹೊಟ್ಟೆಯಲ್ಲಿ ಬೇರಿಂಗು ಸವೆದು ಸದ್ದು ಬರತೊಡಗಿತು. ಸಾಹೇಬರು ನನ್ನನ್ನು ನಿಲ್ಲಿಸಿ ಬಿಚ್ಚಿಸಿದರು. ಬೇಕಾದ ಸಾಮಾನು ಪುಣೆಯಿಂದ ಬರಬೇಕು. ಬರಲಿಲ್ಲ. ಕಾರ್ಖಾನೆ ಅಂಗಳದ ಆ ತುದಿಯ ಹಳೆಯ ಸೌದೆ ಬಾಯ್ಲರಿನಲ್ಲಿ ಕುಂಟುತ್ತಾ ನಡೆಯಿತು. ನಾನು ತಣ್ಣಗಾದೆ. ಗೋಡೆ ತಣ್ಣಗಾಯಿತು.

ನೇತ್ರಾ ಅತ್ತೆ ಮಾಡಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಅತ್ತೆ ಚಳಿಗಾಲದಲ್ಲಿ ಅಗ್ಗಿಷ್ಟಿಕೆ ಹಚ್ಚಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಇವಳೂ ಹಚ್ಚಲಿಲ್ಲ.

ಹುಳುಗಳು ಏರುಪೇರಾದವು. ಕೆಲವು ಜ್ವರದಲ್ಲಿ, ಕೆಲವು ಎದ್ದು ಹಸಿದು, ಕೆಲವು ಇನ್ನೂ ಅಕ್ಕಿಕಾಳಿನಷ್ಟು. ಪ್ರತಿ ಬೆಳೆಗೂ ಇಲ್ಲಿಂದಲೇ ಹುಳು ಒಯ್ಯುತ್ತಿದ್ದ ಚನ್ನಿಗಪ್ಪ ಎಂಬ ರೈತ ತಟ್ಟೆ ತಂದು ಬಾಗಿಲಲ್ಲೇ ಇಟ್ಟ.

“ನೋಡವ್ವ, ಇದೇನು ಹುಳಾನಾ, ಸಂತೆನಾ? ನಿಮ್ಮತ್ತೆ ಕೈ ಬ್ಯಾರೆ, ನಿನ್ನ ಕೈ ಬ್ಯಾರೆ ಬಿಡು.”

ಸುದ್ದಿ ಕನಕಪುರ ಮುಟ್ಟಿತು. ಹೊಂಬಾಳಮ್ಮ ಬಾಣಂತನ ಅರ್ಧಕ್ಕೆ ಬಿಟ್ಟು ಬಂದರು. ಬೀಗದ ಕೈ ಕಸಿದುಕೊಂಡರು.

“ಸೊಪ್ಪು ತಂದು ಬಾಗ್ಲಲ್ಲಿ ಇಕ್ಕು. ಒಳಕ್ಕೆ ಕಾಲಿಕ್ಕಬ್ಯಾಡ. ಕೆಲವ್ರ ಕೈಗೆ ಹುಳಾ ಒಲಿಯಲ್ಲ ಕಣಮ್ಮಿ, ಏನ್ಮಾಡಕಾಯ್ತದೆ?”

ಗಂಡ ಇನ್ನೂ ಸುಲಭವಾಗಿ ಹೇಳಿದ: “ನಾಳಿದ್ದು ಸೋಮವಾರ ಗಾರ್ಮೆಂಟ್ಸ್ ಬಸ್ಸು ಹತ್ತು.” ನೇತ್ರಾ ಸೊಪ್ಪಿನ ಬುಟ್ಟಿ ಎಳೆದುಕೊಂಡಳು. ಬಾಗಿಲಲ್ಲಿ ಕೂತು ಸೊಪ್ಪಿನ ತೊಟ್ಟು ಮುರಿಯುತ್ತಿದ್ದ ಸದ್ದು ಕಿಂಡಿಯಲ್ಲಿ ನನಗೆ ಕೇಳುತ್ತಿತ್ತು. ತಪ್ಪು ಅವಳದಲ್ಲ ಎಂದು ಬಲ್ಲವನು ನಾನೊಬ್ಬನೇ. ನಾನೋ ಬೋಲ್ಟು ಬಿಚ್ಚಿಸಿಕೊಂಡು ಬಿದ್ದಿದ್ದೆ.

ಸೋಮವಾರ ಬಂತು. ಬಸ್ಸು ಹೋಯಿತು. ಅವಳು ಹತ್ತಲಿಲ್ಲ. ಅತ್ತೆಯ ಹುಳು ಹೇಗೆ ಏಳುತ್ತವೋ ನೋಡಿಯೇ ಹೋಗುತ್ತೇನೆ ಎಂದಳು.

ಅತ್ತೆಗೂ ಅಗ್ಗಿಷ್ಟಿಕೆಯ ನೆನಪಾಗಲಿಲ್ಲ; ಅವರ ಹುಳುವೂ ಹಾಗೇ ಎದ್ದವು. ಅರ್ಧ ಜ್ವರದಲ್ಲಿ, ಅರ್ಧ ಹಸಿದು.

ಆ ದಿನ ಗೋಡೆಯಾಚೆ ತಟ್ಟೆಗಳನ್ನು ಒಂದೊಂದಾಗಿ ಇಳಿಸಿ ನೋಡುವ ಸದ್ದು ಕೇಳಿತು. ಆಮೇಲೆ ಯಾರೋ ಗೋಡೆಯನ್ನು ಅಂಗೈಯಲ್ಲಿ ಸವರಿದರು. ಸ್ವಲ್ಪ ಹೊತ್ತಿಗೆ ಹೊಂಬಾಳಮ್ಮ ಕಾರ್ಖಾನೆಯ ಬಾಗಿಲಲ್ಲಿದ್ದರು.

“ಸಾಬ್ರೆ, ನಿಮ್ಮ ಮಿಷನ್ನು ಯಾವತ್ತು ಓಡ್ತದೆ?”

“ಇದೇನಕ್ಕ? ಓಡಿದ್ರೂ ಬೈತೀರಿ, ನಿಂತ್ರೂ ಬೈತೀರಿ!”

“ಬೈಯಕ್ಕೆ ಬಂದಿಲ್ಲ. ನಿಂತು ಎಷ್ಟು ದಿನ ಆಯ್ತು?”

“ನೀವು ಕನಕಪುರಕ್ಕೆ ಹೋದ್ರಲ್ಲ, ಆವಾಗಿಂದ.”

ಅವರು ನನ್ನ ಹತ್ತಿರ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಮುಟ್ಟಿದರು. ಆಮೇಲೆ ಕಿಂಡಿಯತ್ತ ಮುಖ ಮಾಡಿ ಸೊಸೆಯನ್ನು ಕೂಗಿದರು. ನೇತ್ರಾ ಕೈಯಲ್ಲಿ ಸೊಪ್ಪು ಹಿಡಿದೇ ಓಡಿಬಂದಳು.

“ಮುಟ್ಟು ಇದನ್ನ.”

“ತಣ್ಣಗೈತೆ, ಅತ್ತೆ.”

“ಇದೇ ಕಣಮ್ಮಿ ನನ್ನ ಕೈಗುಣ.”

ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡು ನಕ್ಕರು. ನೇತ್ರಾ ನಗಲಿಲ್ಲ.

“ಅಂಗಾದ್ರೆ ನನ್ನ ಬಾಗ್ಲಲ್ಲಿ ಕೂರ್ಸಿದ್ದು ಯಾತಕ್ಕೆ?”

“ಕೂರ್ಸಿದ್ದೆ. ತಪ್ಪಾಯ್ತು. ತಕ್ಕೊ ಬೀಗದ ಕೈ. ಹಿತ್ತಲಲ್ಲಿ ಅಗ್ಗಿಷ್ಟಿಕೆ ಐತೆ, ಮೊದ್ಲು ಇದ್ದಲು ಹಚ್ಚನ ನಡಿ.”

ಅಷ್ಟೇ. ಅಳಲೂ ಇಲ್ಲ, ಅಪ್ಪಿಕೊಳ್ಳಲೂ ಇಲ್ಲ. ಇದ್ದಲ ಬಿಸಿಯಲ್ಲಿ ಬಂದ ಮುಂದಿನ ತಂಡದ ಹುಳು ಸಮನಾಗಿದ್ದವು. ಬಸ್ಸಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಬೇರಿಂಗು ಬಂತು, ನಾನು ಮತ್ತೆ ಓಡಿದೆ. ಆದರೆ ನೇತ್ರಾ ಒಮ್ಮೆ ಮೋಸಹೋದವಳು. ಗೋಡೆಗೆ ಉಷ್ಣತೆಯ ಮಾಪಕ ತೂಗುಹಾಕಿದಳು, ಹೀಟರು ತಂದಿಟ್ಟಳು. ಹೊಂಬಾಳಮ್ಮ ಬೇಸಿಗೆಯಲ್ಲಿ ನನ್ನನ್ನು ಬೈಯುವುದನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಮಾತ್ರ ಮೌನವಾಗಿರುತ್ತಿದ್ದರು. ಅದೇ ಅವರ ಕೃತಜ್ಞತೆ ಎಂದುಕೊಂಡೆ.

ಕೆಲವು ವರ್ಷಗಳಲ್ಲಿ ನಾನು ಮುದಿಯಾದೆ. ರಿಪೇರಿ ಮಾಡಿಸಿ ಸಾಹೇಬರು ಸೋತರು, ಗುಜರಿಯವನಿಗೆ ಕೊಟ್ಟರು. ಕ್ರೇನು ನನ್ನನ್ನು ಎತ್ತಿದ್ದು ಕಡುಚಳಿಯ ಒಂದು ಬೆಳಿಗ್ಗೆ. ನಾನು ನಿಂತು ಆಗಲೇ ಹದಿನೈದು ದಿನ ಕಳೆದಿತ್ತು. ಗೋಡೆ ಹೇಗಿದೆಯೋ, ಹುಳು ಹೇಗಿವೆಯೋ ಎಂಬುದೇ ನನ್ನ ಚಿಂತೆ. ಲಾರಿ ಚಾಕಿ ಮನೆಯ ಮುಂದೆ ಹಾಯಿತು. ಚನ್ನಿಗಪ್ಪ ಬಾಗಿಲಲ್ಲಿ ತಟ್ಟೆ ಬಗ್ಗಿ ನೋಡುತ್ತಿದ್ದ.

“ಒಂದೇ ಸಮ ಎದ್ದವೆ ಕಣವ್ವ! ನಿಮ್ಮತ್ತೆ ಕೈಗುಣ ನಿನಗೂ ಬಂದುಬುಡ್ತು.”

“ಅದು ಹೀಟರು ಕಣಣ್ಣ,” ಅಂದಳು ನೇತ್ರಾ.

“ಏನೋ ಒಂದು. ಕೈ ಚೆಂದಾಗೈತೆ.”

ಜಗಲಿಯ ಮೇಲೆ ಕೂತಿದ್ದ ಹೊಂಬಾಳಮ್ಮ ಬೊಚ್ಚುಬಾಯಿ ತೆರೆದು ನಕ್ಕರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಆ ನಗು ನನಗೆ ಕೇಳಿತು. ನನ್ನ ಮೇಲಿದ್ದ ಒಂದು ಭಾರ ಇಳಿದಂತಾಯಿತು.

ಈಗ ಬಿಡದಿ ರಸ್ತೆಯ ಗುಜರಿ ಅಂಗಳದಲ್ಲಿದ್ದೇನೆ. ಜನರೇಟರು ಒಂದು ಕಡೆ, ಬಾಯ್ಲರು ಇನ್ನೊಂದು ಕಡೆ. ನನ್ನ ಸುತ್ತ ಈಗ ಬೇರೆ ಹವೆಯಿಲ್ಲ. ಊರಿಗೆ ಎಷ್ಟು ಚಳಿಯೋ ನನಗೂ ಅಷ್ಟೇ. ಹೊತ್ತೇರಿದ ಮೇಲೆ ಬಿಸಿಲು ನನ್ನ ಕಬ್ಬಿಣವನ್ನು ಕಾಯಿಸುತ್ತದೆ. ಒಂದು ಕಂದು ನಾಯಿ ಬಂದು ಬೆನ್ನು ತಾಗಿಸಿ ಮಲಗುತ್ತದೆ. ಈ ಬಿಸಿ ಯಾರದು ಎಂದು ಅದು ಕೇಳುವುದಿಲ್ಲ. ತಣ್ಣಗಾದರೆ ಎದ್ದು ಬೇರೆ ಕಡೆ ಹೋಗುತ್ತದೆ.