ತಮ್ಮನೇ ಮಾಡಬೇಕಾದ ಕ್ಷೌರ

ಅಳಿಯ ಬ್ಯಾಟರಿ ಮೆಷಿನ್ನಿನ ಗುಂಡಿ ಒತ್ತಿ, ಅದು ಗುಂಯ್ ಎನ್ನತೊಡಗಿ, ಇನ್ನೇನು ಮಾವನ ಕೆನ್ನೆಗೆ ತಾಗಬೇಕು ಎನ್ನುವಷ್ಟರಲ್ಲಿ ಅತ್ತೆ ಅವನ ಮಣಿಕಟ್ಟು ಹಿಡಿದಳು. ಹಿಡಿದಳು ಎಂದರೆ ಅಂತಿಂಥ ಹಿಡಿತವಲ್ಲ. ಓಡುವ ರೈಲನ್ನು ಹಾಗೆ ಹಿಡಿದಿದ್ದರೆ ಡ್ರೈವರು ಇಳಿದು ಬಂದು ತಪ್ಪಾಯಿತು ಎನ್ನುತ್ತಿದ್ದ.

“ಆರಿಸಿ ಅದನ್ನ.”

“ಅತ್ತೆ, ನಾಲ್ಕು ಗಂಟೆಗೆ ಪೆಟ್ಟಿಗೆ ಎತ್ಬೇಕು. ಮಾವನ ಮುಖ ನೋಡಿ, ಮುಳ್ಳುಹಂದಿ ಹಾಗಾಗಿದೆ. ಹೀಗೇ ಕಳಿಸೋದಾ?”

“ಹೀಗೆ ಯಾಕೆ ಕಳಿಸ್ತೀವಿ? ಅವರ ತಮ್ಮ ಬರ್ತಾನೆ. ಅವನೇ ಮಾಡ್ತಾನೆ.”

“ಬೆಳಿಗ್ಗೆ ಹೋಗಿ ಅವರ ಅಂಗಡಿ ಶಟರ್ ಬಡಿದು ಬಡಿದು ನನ್ನ ಕೈ ಊದಿದೆ. ಒಳಗಿದ್ದೂ ಉಸಿರೆತ್ತಲಿಲ್ಲ ಆ ಮನುಷ್ಯ.”

“ಕೇಳಿಸ್ಕೊಂಡಿರ್ತಾನೆ. ಬರ್ತಾನೆ.”

ನಾಳೆ ಬೆಳಗಾಗುತ್ತದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಅಳಿಯ ಮೆಷಿನ್ನು ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿದ.

ಶವಪೆಟ್ಟಿಗೆಯಲ್ಲಿ ಮಲಗಿದ್ದವನು ದೊಡ್ಡಂಗಡಿಯ ಕ್ಷೌರಿಕ, ಇಡೀ ಊರಿಗೆ ದೊಡ್ಡಣ್ಣ. ಅವನ ಕತ್ತಿಯ ಹರಿತ ಎಂಥದ್ದೆಂದರೆ, ಅದರ ಮೇಲೆ ಕೂತ ನೊಣ ಎರಡಾಗಿ ಹಾರಿಹೋಗುತ್ತಿತ್ತು, ಎರಡಕ್ಕೂ ವಿಷಯ ತಿಳಿಯುತ್ತಿದ್ದುದು ಸಂಜೆಗೆ. ಮೀಸೆ ಮೂಡಿದ ವಯಸ್ಸಿನಿಂದ ಅವನ ಕೆನ್ನೆಯ ಮೇಲೆ ಒಂದು ಕೂದಲನ್ನೂ ಸೂರ್ಯ ಕಂಡಿರಲಿಲ್ಲ. ಅಂಥವನು ಸೋಮವಾರ ಹಾಸಿಗೆ ಹಿಡಿದವನು ಶುಕ್ರವಾರ ಕಣ್ಣು ಮುಚ್ಚುವವರೆಗೆ ಯಾರು ಕತ್ತಿ ತಂದರೂ ಮುಖ ತಿರುಗಿಸಿದ್ದ. ಕೊನೆಗೆ ಹೆಂಡತಿಯನ್ನು ಹತ್ತಿರ ಕರೆದು ಹೇಳಿದ್ದ: “ನನ್ನ ಮುಖಕ್ಕೆ ಕತ್ತಿ ಇಡೋನು ನನ್ನ ತಮ್ಮ ಒಬ್ಬನೇ. ಬದುಕಿದ್ರೂ ಸರಿ, ಸತ್ರೂ ಸರಿ. ಜನರ ಮುಂದೆ ಆಗ್ಬೇಕು. ನಾನು ಆ ಮಾತು ಅಂದಿದ್ದೂ ಜನರ ಮುಂದೇನೇ.”

ಇದನ್ನೆಲ್ಲ ಅವಳು ಪಾದ್ರಿಗೆ ಹೇಳಿ ಮುಗಿಸಿದಾಗ ಅವರು ಗಡಿಯಾರ ನೋಡಿದರು. ಊರಿಗೆ ಹೊಸಬರು. ಸಮಾಧಿಯ ಗುಂಡಿ ತೋಡಿಯಾಗಿತ್ತು, ಅಂಗಳದಲ್ಲಿ ಅರ್ಧ ಊರು ನೆರೆದಿತ್ತು.

“ಯಾವ ಮಾತಮ್ಮ ಅದು?”

ಮಾಂಸದಂಗಡಿಯವನು ಕೆಮ್ಮಿದ. ಅವನು ಕೆಮ್ಮಿದರೆ ಕಿಟಕಿಯ ಗಾಜುಗಳು ಒಂದರ ಮುಖ ಒಂದು ನೋಡಿಕೊಳ್ಳುತ್ತಿದ್ದವು, ಅಂಥ ಗಾತ್ರದ ಆಸಾಮಿ.

“ಅದನ್ನ ನಾನು ಹೇಳ್ತೀನಿ ಅಯ್ಯನವರೇ. ಅವತ್ತು ಕುರ್ಚಿ ಮೇಲೆ ಕೂತಿದ್ದೋನು ನಾನೇ.”

*

ಆಗ ಅಂಗಡಿ ಒಂದೇ, ಕುರ್ಚಿ ಎರಡು. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಅಣ್ಣ ತಮ್ಮ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಿದ್ದರು. ತಮ್ಮನ ಕೈ ಹುಟ್ಟಾ ನಡುಕದ್ದು. ಟೀ ಲೋಟ ಹಿಡಿದರೆ ಅರ್ಧ ಟೀ ಅಕ್ಕಪಕ್ಕದವರಿಗೆ ಹಂಚಿಕೆಯಾಗುತ್ತಿತ್ತು. ಆದರೆ ಆ ನಡುಕ ಗಾಳಿಯಲ್ಲಿರುವವರೆಗೆ ಮಾತ್ರ. ಕತ್ತಿ ಚರ್ಮ ಮುಟ್ಟಿತೋ, ಕೈ ನಿಂತ ನೀರು. ಅವನ ಕುರ್ಚಿಯಲ್ಲಿ ಕೂತವರು ನೊರೆ ಹಚ್ಚುವಾಗಲೇ ಗೊರಕೆ ಹೊಡೆಯುತ್ತಿದ್ದರು. ಹಾಗೆ ನಿದ್ದೆ ಹೋದ ಪೋಸ್ಟ್ ಮಾಸ್ತರರೊಬ್ಬರು ಎಚ್ಚರಾಗುವ ಹೊತ್ತಿಗೆ ಅವರಿಗೆ ವರ್ಗವಾಗಿತ್ತಂತೆ.

ದಿನ ಕಳೆದಂತೆ ತಮ್ಮನ ಕುರ್ಚಿಗೆ ಜನ ಬೀದಿಯವರೆಗೆ ನಿಂತರು. ಅಣ್ಣನ ಕುರ್ಚಿಯ ಮೇಲೆ ದಿನಪತ್ರಿಕೆ ಕೂತಿತು.

ಒಂದು ಶನಿವಾರ ಅಂಗಡಿ ತುಂಬಿತ್ತು. ತಮ್ಮನ ಕುರ್ಚಿಯಲ್ಲಿ ಮಾಂಸದಂಗಡಿಯವನು, ಮುಖದ ತುಂಬ ನೊರೆ. ಅಣ್ಣ ಪತ್ರಿಕೆಯಿಂದ ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನೋಡ್ಕೊಂಡು ಕೂತ್ಕೊಳಪ್ಪ. ಅವನ ಕೈ ನೋಡಿದ್ಯಾ? ಇವತ್ತಲ್ಲ ನಾಳೆ ಯಾರದ್ದೋ ಗಂಟಲು ಹೋಗುತ್ತೆ.”

ಮಾಂಸದಂಗಡಿಯವನು ಕನ್ನಡಿಯಲ್ಲಿ ನೋಡಿದ. ಕತ್ತಿ ನಡುಗುತ್ತ ತನ್ನತ್ತ ಬರುತ್ತಿತ್ತು. ಹಾರಿ ಎದ್ದವನು ಬಾಯಿಯ ಸುತ್ತ ನೊರೆ ಇಟ್ಟುಕೊಂಡೇ ಸಂತೆಯ ನಡುವೆ ಓಡಿದ. ಇಷ್ಟು ದೊಡ್ಡ ಹುಚ್ಚುನಾಯಿಯನ್ನು ಹಿಂದೆಂದೂ ಕಂಡಿರದ ಬೀದಿನಾಯಿಗಳು ಊರನ್ನೇ ಬಿಟ್ಟವು. ತಿಂಗಳುಗಟ್ಟಲೆ ಊರಿನಲ್ಲಿ ಬೊಗಳುವವರಿರಲಿಲ್ಲ.

ಊರು ನಕ್ಕಿತು. ನಕ್ಕು, ತಮ್ಮನಿಗೆ ಗಂಟಲು ಕೊಡುವುದನ್ನು ನಿಲ್ಲಿಸಿತು. ಅವನು ಎದುರುಗಡೆ ಒಂದು ಸಣ್ಣ ಮಳಿಗೆ ಹಿಡಿದು ಮಕ್ಕಳ ತಲೆಕೂದಲು ಕತ್ತರಿಸುತ್ತ ಕೂತ. ಕತ್ತಿ ಹಿಡಿದದ್ದನ್ನು ಯಾರೂ ಮತ್ತೆ ನೋಡಲಿಲ್ಲ.

*

“ದಿನಾ ಕಡಿಯೋ ಕೆಲಸದೋನು ನಾನು,” ಎಂದ ಮಾಂಸದಂಗಡಿಯವನು. “ಒಂದು ಬೆರಳುದ್ದ ಕತ್ತಿ ಕಂಡು ಓಡಿದೆ. ಆವತ್ತು ಕಣ್ಣು ಮುಚ್ಕೊಂಡು ಕೂತಿದ್ದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು.”

ಪಾದ್ರಿ ಪೆಟ್ಟಿಗೆಯ ಕಡೆ ನೋಡಿದರು. “ಒಂದು ವಿಷಯ ಕೇಳ್ತೀನಮ್ಮ, ತಪ್ಪು ತಿಳೀಬೇಡಿ. ದೊಡ್ಡಣ್ಣ ಪ್ರತಿ ಭಾನುವಾರ ವೇದಿ ಮುಂದೆ ಕಾಣಿಕೆ ಇಟ್ಟಿದ್ದೇ ತಡ, ಎದ್ದು ಹೋಗ್ಬಿಡ್ತಿದ್ರು. ನನ್ನ ಪ್ರಸಂಗ ಒಂದು ದಿನಾನೂ ಕೇಳಿಲ್ಲ.”

“ನಿಮ್ಮೊಬ್ಬರದ್ದೇ ಅಲ್ಲ, ಹಿಂದಿನ ಅಯ್ಯನವರದ್ದೂ ಕೇಳಿಲ್ಲ.”

“ಭಾನುವಾರದ ಗಿರಾಕಿಗೆ ಅಂಗಡಿ ತೆರೆಯೋಕೆ ಹೋಗ್ತಾರೆ ಅಂತ ಸಭೆಯವರೆಲ್ಲ...”

ಅವಳು ನಕ್ಕುಬಿಟ್ಟಳು. ಸತ್ತ ಮನೆ ಎಂಬುದು ನೆನಪಾಗಿ ಸೆರಗು ಬಾಯಿಗೆ ಹಿಡಿದರೂ ನಗು ಸೋರಿತು. “ಅಂಗಡಿಗೇ ಹೋಗ್ತಿದ್ರು. ಅವರದ್ದಲ್ಲ, ತಮ್ಮಂದು.”

*

ದೊಡ್ಡಣ್ಣ ಸುವಾರ್ತೆ ಓದುತ್ತಿದ್ದ ರೀತಿ ಲೋಕದಲ್ಲಿ ಇನ್ನೊಬ್ಬನಿಗೆ ಇಲ್ಲ. ಒಂದು ವಚನ ಓದಿದರೆ, ಅದರಲ್ಲಿ ಹೇಳಿದ್ದನ್ನು ಮಾಡಿ ಮುಗಿಸುವವರೆಗೆ ಮುಂದಿನದಕ್ಕೆ ಕಣ್ಣು ಹಾಯಿಸುತ್ತಿರಲಿಲ್ಲ. ಅರ್ಧ ಮುಖ ಕ್ಷೌರ ಮಾಡಿ ಇನ್ನೊಬ್ಬನನ್ನು ಕೂರಿಸಿಕೊಳ್ಳುವುದುಂಟೇ ಎಂಬುದು ಅವನ ವಾದ. ಶುರುವಿನ ವಂಶಾವಳಿಯಲ್ಲಿ ಮಾಡುವಂಥದ್ದೇನೂ ಇರಲಿಲ್ಲವಾಗಿ ಒಂದೇ ಉಸಿರಿಗೆ ಓಡಿದ. ಬೆಟ್ಟದ ಮೇಲಿನ ಪ್ರಸಂಗಕ್ಕೆ ಬಂದಾಗ ಏದುಸಿರು ಹತ್ತಿತು. ಸಾಧುಗಳು ಧನ್ಯರು ಎಂಬಲ್ಲಿ ಒಂದು ಇಡೀ ಚಳಿಗಾಲ ಕಳೆದ. ಅವನು ಮೆತ್ತಗೆ ಮಾತಾಡುವುದು ಕಂಡು ಗಿರಾಕಿಗಳು ಹಲ್ಲುನೋವಿಗೆ ಲವಂಗ ತಂದುಕೊಟ್ಟರು. ಸಮಾಧಾನ ಮಾಡಿಸುವವರು ಧನ್ಯರು ಎಂಬಲ್ಲಿ ಬೀದಿಯ ಪ್ರತಿ ಜಗಳದ ನಡುವೆ ನುಗ್ಗಿ ಎರಡೂ ಕಡೆಯವರಿಂದ ತಿಂದ.

ಆಮೇಲೆ ಆ ವಚನ ಬಂತು. ಕಾಣಿಕೆ ತಂದಾಗ ನಿನಗೂ ನಿನ್ನ ಸಹೋದರನಿಗೂ ಸರಿಯಿಲ್ಲವೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಒಂದಾಗು ಎನ್ನುವುದು. ಹಾಗೆಂದು ಅವನು ಓದಿಕೊಂಡ. ಪ್ರತಿ ಭಾನುವಾರ ಕಾಣಿಕೆ ಬಿಟ್ಟ, ಹೋದ. ತಮ್ಮನ ಅಂಗಡಿಯ ಮುಂದೆ ನಿಂತು ಮೂರು ಬೀದಿಗೆ ಕೇಳುವಂತೆ ಕೂಗಿದ: “ತಮ್ಮಾ, ಅಪ್ಪನ ಅಂಗಡಿ ಬಿಟ್ಟು ಹೋದೆ, ಆದ್ರೂ ನಿನ್ನನ್ನ ಕ್ಷಮಿಸಿದ್ದೀನಿ!”

ತಮ್ಮ ಧಡಾರನೆ ಶಟರ್ ಎಳೆಯುತ್ತಿದ್ದ. ಆ ಸದ್ದಿಗೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ವರ್ಷಗಳು ಹೀಗೆ ಉರುಳಿದವು. ಕೂದಲು ಬೆಳ್ಳಗಾಯಿತು, ಕಣ್ಣು ಮಂಜಾಯಿತು. ಮೊನ್ನೆ ಮೊನ್ನೆ, ಒಂದು ಮಧ್ಯಾಹ್ನ ಕನ್ನಡಕ ಸಿಗದೆ ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಓದಿದಳು.

“ಏನಂದೆ? ಇನ್ನೊಂದ್ಸಲ ಓದೇ.”

“ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಮನಸ್ತಾಪ ಇದ್ರೆ ಅಂತ ಇದೆ.”

“ಅವನಿಗೆ... ನನ್ನ ಮೇಲೆ?”

“ಮತ್ತೆ ಯಾರಿಗೆ, ಯಾರ ಮೇಲೆ?”

ಅವನು ಪುಸ್ತಕ ಕಸಿದು ಆ ಸಾಲನ್ನು ಕಣ್ಣಿಗೆ ಅಂಟಿಸಿಕೊಂಡ.

“ಇಷ್ಟು ವರ್ಷ ಹೋಗಿ ಹೋಗಿ ನಾನು ಅವನನ್ನ ಕ್ಷಮಿಸ್ತಾ ಇದ್ದೆನಲ್ಲೇ!”

“ನಾನೂ ಅದೇ ಯೋಚಿಸ್ತಿದ್ದೆ ರೀ. ಯಾವ ತಪ್ಪಿಗೆ ಕ್ಷಮಿಸ್ತಾರೆ ಇವರು ಅಂತ.”

“ಬಾಯಿಬಿಟ್ಟು ಹೇಳ್ಬಾರ್ದಿತ್ತಾ?”

“ನೀವು ಆಗಿನ್ನೂ ಸಾಧುಗಳಾಗಿದ್ರಿ. ಸುಮ್ನೆ ಯಾಕೆ ಕೆಡಿಸ್ಲಿ ಅಂದ್ಕೊಂಡೆ.”

ಮುಂದಿನ ಭಾನುವಾರ ಅವನು ಹೋದ. ಆ ದಿನ ಕೂಗು ಯಾರಿಗೂ ಕೇಳಿಸಲಿಲ್ಲ. ಮನೆಗೆ ಬಂದು, ಸುಸ್ತು ಎಂದು ಮಲಗಿದವನು ಸೋಮವಾರ ಏಳಲಿಲ್ಲ.

*

ಮೂರು ಗಂಟೆ ದಾಟಿತು. ಪೆಟ್ಟಿಗೆ ಹೊರುವವರು ತೋಳು ಮಡಚಿಕೊಂಡರು. ಪಾದ್ರಿ ಪುಸ್ತಕ ತೆರೆದರು, ಮುಚ್ಚಿದರು.

“ಅಮ್ಮ, ಇನ್ನು ಕಾಯೋದು ಕಷ್ಟ.”

“ಇಷ್ಟು ವರ್ಷ ಅವರು ಬೀದೀಲಿ ನಿಂತು ಕಾದಿದ್ದಾರೆ ಅಯ್ಯನವರೇ. ಇವತ್ತು ಮಲಗಿಕೊಂಡು ಕಾಯ್ತಿದ್ದಾರೆ. ಅವರಿಗೇನೂ ಕಷ್ಟ ಇಲ್ಲ.”

ಅಳಿಯನ ಕೈ ಮತ್ತೆ ಜೇಬಿಗೆ ಹೋಯಿತು. ಆಗಲೇ ಅಂಗಳದ ಗುಜುಗುಜು ಒಮ್ಮೆಗೇ ನಿಂತಿತು. ಎಂಥ ಮೌನವೆಂದರೆ, ಆಚೆ ಬೀದಿಯಲ್ಲಿ ಇರುವೆಯೊಂದು ಎಡವಿದ್ದರೂ ಕೇಳಿಸುತ್ತಿತ್ತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಒಗೆದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಹೊಸಿಲಲ್ಲಿ ತಮ್ಮ ನಿಂತಿದ್ದ.

“ಅತ್ತಿಗೆ.”

“ಬಾಪ್ಪ. ಊಟ ಆಯ್ತಾ?”

ಅವನು ತಲೆಯಾಡಿಸಿದ. ಆಯಿತೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಪೆಟ್ಟಿಗೆಯ ಹತ್ತಿರ ಬಂದು ಅಣ್ಣನ ಮುಖ ನೋಡಿದ.

“ಹೋದ ಭಾನುವಾರ ಬಂದಿದ್ದ. ನಾನು ಶಟರ್ ಎಳೆದೆ. ಆಚೆ ನಿಂತು ಮೆತ್ತಗೆ ಹೇಳ್ದ. ನಿನ್ನ ಕೈ ಸರಿಯಾಗೇ ಇತ್ತು ಕಣೋ, ನನಗೆ ಹೊಟ್ಟೆಕಿಚ್ಚು, ಬೇಕಂತಲೇ ಸುಳ್ಳು ಹೇಳ್ದೆ, ಅಂದ.”

“ಕೇಳಿಸ್ತಾ ನಿನಗೆ?”

“ಶಟರ್‌ಗೆ ಕಿವಿ ಒತ್ಕೊಂಡು ನಿಂತಿದ್ದೆ.”

“ಮತ್ತೆ ತೆಗೀಲಿಲ್ಲ ಯಾಕೆ?”

“ಇನ್ನೊಂದ್ಸಲ ಹೇಳ್ಲಿ ಅಂತ.” ಅವನು ಪೆಟ್ಟಿಗೆಯ ಅಂಚು ಹಿಡಿದ. “ಎಷ್ಟು ವರ್ಷ ಕಾದಿದ್ದ ಮಾತು ಅತ್ತಿಗೆ. ಮುಂದಿನ ವಾರ ಬಂದು ಇನ್ನೊಂದ್ಸಲ ಹೇಳ್ತಾನಲ್ಲ, ಆಗ ತೆಗೆಯೋಣ ಅಂತ ಶಟರ್‌ಗೆ ಎಣ್ಣೆ ಕೂಡ ಹಾಕಿಟ್ಟಿದ್ದೆ.”

ಮಾಂಸದಂಗಡಿಯವನು ಗೋಡೆಯ ಕಡೆ ತಿರುಗಿದ. ಅತ್ತಿಗೆ ಮೈದುನನ ಬೆನ್ನ ಮೇಲೆ ಕೈಯಿಟ್ಟಳು.

“ಮುಖ ನಿನಗೇ ಬಿಟ್ಟು ಹೋಗಿದ್ದಾರೆ. ಮಾಡು.”

“ಕೈ ನೋಡಿ.” ಅವನು ಬಲಗೈ ಚಾಚಿದ. ಹತ್ತಿರದಲ್ಲಿದ್ದ ಮೇಣದಬತ್ತಿ ಆ ಗಾಳಿಗೇ ಆರಿತು. “ಆಗ ಚರ್ಮ ಮುಟ್ಟಿದ್ರೆ ನಿಲ್ತಿತ್ತು. ಈಗ ಹೇಗೋ ಏನೋ. ಅವತ್ತಿಂದ ಯಾರ ಮುಖದ ಮೇಲೂ ಕತ್ತಿ ಇಟ್ಟಿಲ್ಲ ನಾನು.”

ಅಳಿಯ ಮುಂದೆ ಬಂದ. “ಚಿಕ್ಕಮಾವ, ತಪ್ಪು ತಿಳೀಬೇಡಿ. ಎಲ್ಲರೂ ಕೊನೇ ಸಲ ನೋಡೋ ಮುಖ. ಗಾಯವಾದ್ರೆ?”

“ಆಗ್ಲಿ,” ಎಂದಳು ಅತ್ತೆ. “ಅವರ ಮುಖ, ಅವರೇ ಕೊಟ್ಟಿದ್ದಾರೆ. ನಿಮ್ಮದೇನು ಹೋಯ್ತು?”

ಪಾದ್ರಿ ಎದ್ದರು. ಗಡಿಯಾರ ನೋಡಲಿಲ್ಲ. ಬಾಗಿಲ ಎರಡೂ ಕದ ತೆರೆದರು, ಕಿಟಕಿಗಳನ್ನು ತಾವೇ ತಳ್ಳಿದರು. “ಎಲ್ಲರೂ ಹತ್ತಿರ ಬನ್ನಿ,” ಎಂದರು ಅಂಗಳದವರಿಗೆ. “ಎಲ್ಲರಿಗೂ ಕಾಣ್ಬೇಕು.”

ತಮ್ಮ ಗಂಟು ಬಿಚ್ಚಿದ. ಬ್ರಷ್ಷು, ಸೋಪು, ಕತ್ತಿ. ಕತ್ತಿಗೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಬೆಳಗಿನಿಂದ ಒಳಗೆ ಕೂತು ಮಾಡಿದ್ದೇನೆಂದು ಅದರ ಹೊಳಪೇ ಹೇಳುತ್ತಿತ್ತು.

“ಸ್ವಲ್ಪ ಬಿಸಿನೀರು ಕೊಡಿ ಅತ್ತಿಗೆ.”

“ಈಗ ಅವರಿಗೆ ಬಿಸಿನೀರಾದ್ರೇನು, ತಣ್ಣೀರಾದ್ರೇನು,” ಎಂದ ಅಳಿಯ.

“ಅವನಿಗೆ ತಣ್ಣೀರು ಆಗಲ್ಲ,” ಎಂದ ತಮ್ಮ.

ನೊರೆ ಎದ್ದಿತು. ಅಣ್ಣನ ಮುಖ ಬೆಳ್ಳಗಾಯಿತು. ಕತ್ತಿ ಮೇಲೆದ್ದು ಗಾಳಿಯಲ್ಲಿ ನಡುಗಿತು. ಕಿಟಕಿಯ ಬೆಳಕು ಅದರಿಂದ ಚೂರುಚೂರಾಗಿ ಗೋಡೆಯ ತುಂಬ ಓಡಾಡಿತು. ಮುಂದಿದ್ದವರು ಉಸಿರು ಬಿಗಿಹಿಡಿದರು. ಹಿಂದಿದ್ದವರು ಮುಂದಿದ್ದವರ ಹೆಗಲು ಹಿಡಿದರು. ಕತ್ತಿ ನಡುಗುತ್ತಲೇ ಇಳಿಯಿತು, ಕೆನ್ನೆ ಮುಟ್ಟಿತು.

ಗೋಡೆಯ ಮೇಲಿನ ಬೆಳಕು ನಿಂತಿತು.

ಕಿವಿಯಿಂದ ಗಲ್ಲದವರೆಗೆ ಒಂದೇ ಎಳೆತ, ಸರ್ರನೆ. ಇನ್ನೊಂದು. ಒಂದು ಕೆನ್ನೆ ಮುಗಿದ ಮೇಲೆ ತಮ್ಮ ಅಣ್ಣನ ಮುಖವನ್ನು ಎರಡು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಇನ್ನೊಂದು ಕೆನ್ನೆಯನ್ನು ತನ್ನತ್ತ ಮಾಡಿಕೊಂಡ. ಪಾದ್ರಿಯ ಬೆರಳು ಪುಸ್ತಕದಲ್ಲಿ ಇನ್ನೊಂದು ಕೆನ್ನೆಯ ವಚನ ಹುಡುಕಿತು. ಎಲ್ಲ ಮುಗಿದ ಮೇಲೆ ಗಂಟಲು. ಅಲ್ಲಿ ತಮ್ಮ ಅವಸರವೇ ಮಾಡಲಿಲ್ಲ.

ಬಿಸಿಬಟ್ಟೆಯಿಂದ ಮುಖ ಒರೆಸಿದಾಗ ದೊಡ್ಡಣ್ಣ ಈಗ ತಾನೆ ಮದುವೆಗೆ ಹೊರಟವನ ಹಾಗಿದ್ದ. ಹೆಂಡತಿ ಬೆರಳ ಹಿಂಬದಿಯಿಂದ ಅವನ ಕೆನ್ನೆ ಸವರಿ ನೋಡಿದಳು. “ಹೂಂ,” ಎಂದಳು, ಅಷ್ಟೇ.

ತಮ್ಮ ಕತ್ತಿ ಒರೆಸಿ ಮಡಚಲು ಹೋದ. ಅಷ್ಟರಲ್ಲಿ ಹಿಂದೆ ಕುರ್ಚಿಯೊಂದು ಕಿರುಗುಟ್ಟಿತು. ಮಾಂಸದಂಗಡಿಯವನು ಅದನ್ನು ಬೆಳಕಿಗೆ ಎಳೆದುಕೊಂಡು ಕೂತಿದ್ದ. ಅಂಗಿಯ ಕಾಲರ್ ಬಿಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಕಂಬದಂಥ ಗಂಟಲನ್ನು ಇಡೀ ಊರಿನೆದುರು ಮೇಲೆತ್ತಿದ್ದ.

“ನಂದೂ ಒಂದು ಬಾಕಿ ಇದೆ ಕಣಣ್ಣ. ಅರ್ಧಕ್ಕೆ ಎದ್ದು ಹೋಗಿದ್ದೆ.”

ತಮ್ಮ ಪಾದ್ರಿಯ ಕಡೆ ನೋಡಿದ. ಪಾದ್ರಿ ಬೆಂಚಿನ ತುದಿಯಲ್ಲಿ ಕೂತು, ತೊಟ್ಟಿದ್ದ ಬಿಳಿ ಪಟ್ಟಿಯ ಕಾಲರನ್ನು ಹಿಂದಿನಿಂದ ಬಿಚ್ಚುತ್ತಿದ್ದರು. ಅವರ ಪಕ್ಕದಲ್ಲಿ ಪೆಟ್ಟಿಗೆ ಹೊರಬೇಕಾದವರು, ಅವರಾಚೆ ಅಂಗಳದವರು, ಗೇಟಿನವರೆಗೆ ಒಬ್ಬೊಬ್ಬರೇ ಅಂಗಿಯ ಮೇಲಿನ ಗುಂಡಿಗೆ ಕೈ ಹಾಕಿದರು. ಕತ್ತಿ ಮತ್ತೆ ಗಾಳಿಯಲ್ಲಿ ನಡುಗಿತು, ಮತ್ತು ಕುರ್ಚಿಯಲ್ಲಿದ್ದವನು ಕಣ್ಣು ಮುಚ್ಚಿದ.