ಎರಡನೇ ಗಗನೇಂದ್ರ

ರಷ್ಯಾದವನೊಬ್ಬ ಆಕಾಶ ಸುತ್ತಿ ಬಂದ ಮರುವರ್ಷ ಸಿರಾದ ಬೈಲಪ್ಪ ಮೇಷ್ಟ್ರು ನಿಂತಲ್ಲಿ ನಿಲ್ಲದಾದರು. ಅವರು ವಿಜ್ಞಾನದ ಮೇಷ್ಟ್ರು. ಊರ ನಾಟಕವೆಂದರೆ ಮೂಗು ಮುರಿಯುವವರು, ಒಂದನ್ನೂ ಪೂರ್ತಿ ಕೂತು ನೋಡಿದವರಲ್ಲ. ಪರದೇಶದಲ್ಲಿ ಟೆಲಿವಿಷನ್ ಎಂಬ ಪೆಟ್ಟಿಗೆಯೊಳಗೆ ಕಥೆಯನ್ನು ವಾರಕ್ಕೊಂದು ಕಂತಿನಂತೆ ತೋರಿಸುತ್ತಾರೆಂದು ಪೇಪರಿನಲ್ಲಿ ಓದಿದ್ದೇ ತಡ, ತಾವೂ ತೋರಿಸಬೇಕೆಂದು ಹಟ ಹಿಡಿದರು. ಪೆಟ್ಟಿಗೆ ಎಲ್ಲಿಂದ ತರುವುದು? ಪೆಟ್ಟಿಗೆ ಇರಲಿಲ್ಲ, ನಸ್ರುಲ್ಲಾ ಇದ್ದ.

ನಸ್ರುಲ್ಲಾ ಸಿರಾದ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಇಪ್ಪತ್ತಾರರ ಹರೆಯ, ಕಡ್ಡಿಯಂಥ ಮೈ, ಅದಕ್ಕೆ ತಕ್ಕ ಸಣ್ಣ ದನಿ. ಅವನು ಮಾತು ಶುರು ಮಾಡಿದರೆ ಮುಗಿಸುವುದರೊಳಗೆ ಬೇರೆ ಯಾರಾದರೂ ಇನ್ನೇನಾದರೂ ಹೇಳಿ ಮುಗಿಸಿರುತ್ತಿದ್ದರು. ಮನೆಯಲ್ಲಿ ಅಮ್ಮಿಯೂ ಅಷ್ಟೆ, ಅಂಗಡಿಗೆ ಬಂದ ಗಿರಾಕಿಯೂ ಅಷ್ಟೆ. ಮೇಷ್ಟ್ರು ಹೇಳಿದ ಹಾಗೆ ಅವನು ಮರದ ದೊಡ್ಡ ಚೌಕಟ್ಟು ಮಾಡಿ, ಬಲಗಡೆ ಎರಡು ತಿರುಗಣಿ ಕೂರಿಸಿ, ಹಿಂದೆ ಪರದೆ ಕಟ್ಟಿದ. ತಿರುಗಣಿ ತಿರುಗಿಸಿದರೆ ಪರದೆ ಸರಿಯುತ್ತಿತ್ತು, ಒಳಗೆ ಮಂಗಳಗ್ರಹ ಕಾಣುತ್ತಿತ್ತು. ತಗಡಿನ ಆಕಾಶನೌಕೆಯೂ ಅವನದೇ ಕೈಚಳಕ.

ಈ ಧಾರಾವಾಹಿಯ ನಾಯಕ ಗಗನೇಂದ್ರ. ಆ ಪಾರ್ಟು ಕದಿರಯ್ಯನದು. ಕದಿರಯ್ಯ ಬಸ್ ಕಂಡಕ್ಟರ್. ಊದಿಕೊಂಡ ಹೊಟ್ಟೆ, ಹುರಿ ಮೀಸೆ, ಕೊರಟಗೆರೆಯಲ್ಲಿ ಗುಡುಗಿದರೆ ಸಿದ್ದರಬೆಟ್ಟದ ಮೆಟ್ಟಿಲ ಮೇಲಿದ್ದವರು ತಿರುಗಿ ನೋಡಬೇಕು, ಅಂಥ ಗಂಟಲು. ಒಂದೊಂದು ಕಂತೂ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸುತ್ತಿ ಬರುತ್ತಿತ್ತು. ನಾಲ್ಕು ಕಂತು ಮುಗಿಯುವುದರೊಳಗೆ ಜನಕ್ಕೆ ಗಗನೇಂದ್ರನ ಹುಚ್ಚು ಹಿಡಿದಿತ್ತು.

ಅಷ್ಟರಲ್ಲಿ ಕದಿರಯ್ಯನ ಬಸ್ಸನ್ನು ಪಾವಗಡದಾಚೆ ಆಂಧ್ರದ ರೂಟಿಗೆ ಹಾಕಿದರು. ಇನ್ನು ಸಂಜೆ ಇತ್ತ ಬರುವ ಮಾತೇ ಇಲ್ಲ. ನಾಲ್ಕೂ ಕಂತಿನ ಮಾತು ಬಾಯಿಪಾಠ ಬರುತ್ತಿದ್ದವನು ನಸ್ರುಲ್ಲಾ ಒಬ್ಬನೇ, ಪರದೆಯ ಹಿಂದೆ ನಿಂತು ಕೇಳಿ ಕೇಳಿ.

"ಆ ಪಾರ್ಟು ನೀನೇ ಕಟ್ಟು," ಅಂದರು ಮೇಷ್ಟ್ರು ನಸ್ರುಲ್ಲಾನಿಗೆ. "ಐದ್ನೇ ಕಂತು ಮೊದಲು ಕೊರಟಗೆರೇಲಿ ಆಡೋಣ, ಜನ ಒಪ್ಪಿದ್ರೆ ಮುಂದಿನ ಕಂತು. ಒಪ್ಪದಿದ್ರೆ ಪೆಟ್ಟಿಗೆ ಮುಚ್ಚೋದೇ."

ನಸ್ರುಲ್ಲಾ ಆ ವಾರವೆಲ್ಲ ಲೆಕ್ಕ ಹಾಕಿದ. ಪೆಟ್ಟಿಗೆ ಮುಚ್ಚಿದರೆ ಮೇಷ್ಟ್ರು ಶಾಲೆಗೆ ಹೋಗುತ್ತಾರೆ, ತಾನು ಅಂಗಡಿಗೆ; ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಆದರೆ ಜನ ತನ್ನ ಮಾತನ್ನು ಕೊನೆಯ ತನಕ ಕೇಳಬೇಕೆಂಬ ಆಸೆ ಅವನಲ್ಲಿ ಎಷ್ಟು ವರ್ಷದಿಂದ ಇತ್ತೋ, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೂ ಅರ್ಧಕ್ಕೇ ತಡೆಯುತ್ತಿದ್ದರು, ಆ ಮಾತು ಬೇರೆ. ದಿನಾ ಕೆರೆ ಏರಿಯ ಮೇಲೆ ನಿಂತು ಕದಿರಯ್ಯನಂತೆ ಗುಡುಗಲು ಕಲಿತ. ಅಮ್ಮಿ ಹಮೀದುನ್ನೀಸಾ ಕದಿರಯ್ಯನ ಜರಿ ಕೋಟನ್ನೇ ಹೋಲುವ ಇನ್ನೊಂದು ಕೋಟು ಹೊಲಿದು, "ಅವ್ನ ಕೋಟಲ್ಲಿ ನಿನ್ನಂಥೋರು ಇಬ್ರು ಹಿಡೀತಾರೆ ಬೇಟಾ," ಅಂದಳು. ಧೈರ್ಯ ಹೇಳಿದ್ದಂತೆ ಅದು.

ಆನೆಯಂಥವನು ಹೋಗಿ ಆಡಿನಂಥವನು ಬಂದದ್ದನ್ನು ಜನಕ್ಕೆ ಹೇಗೆ ನಂಬಿಸುವುದು? ಮೇಷ್ಟ್ರು ನಿದ್ದೆಗೆಟ್ಟು ಎರಡು ಹಾಳೆ ಬರೆದರು. ಮಂಗಳಗ್ರಹದಲ್ಲೊಂದು ಕೆಂಪು ಕಿರಣ; ಅದು ತಗುಲಿದವನ ಅಣುಗಳು ಕಲಸಿಹೋಗಿ ಮೈ ಬದಲಾಗುತ್ತದೆ, ಆತ್ಮ ಮಾತ್ರ ಅದೇ. ಹೊಗೆ ಏಳಬೇಕು, ಹೊಗೆಯ ಮರೆಯಲ್ಲಿ ಕದಿರಯ್ಯ ಒಳಗೆ ಹೋಗಬೇಕು, ನಸ್ರುಲ್ಲಾ ಹೊರಗೆ ಬರಬೇಕು. ಅದಕ್ಕಾಗಿ ಕದಿರಯ್ಯ ಕೊನೆಯ ಸಲ ರಜಾ ಹಾಕಿ ಬಂದ.

ಸುತ್ತಲ ಹಳ್ಳಿಯವರು ಹತ್ತಬೇಕಾದ ಕೊಳಾಲದ ಕೊನೆಯ ಬಸ್ಸು ಏಳೂವರೆಗೆ ಹೊರಡುತ್ತಿದ್ದುದರಿಂದ ಕೊರಟಗೆರೆಯಲ್ಲಿ ಆಟ ಸಂಜೆ ಐದಕ್ಕೇ. ನಾನೂರು ಜನ ಸೇರಿದ್ದರು. ಮೇಷ್ಟ್ರೇ ಕೈಯಾರೆ ಕೆಂಡದ ಮೇಲೆ ಲೋಬಾನ ಸುರಿದರು. ಕೈ ಸ್ವಲ್ಪ ಧಾರಾಳವಾಯಿತು. ಹೊಗೆ ಎದ್ದಿತು ನೋಡಿ, ಮಂಗಳಗ್ರಹವಿರಲಿ, ಪಕ್ಕದಲ್ಲಿದ್ದವರ ಮೂಗೇ ಕಾಣದಾಯಿತು. ಕದಿರಯ್ಯ ಕೆಮ್ಮುತ್ತಾ ದಾರಿ ತಪ್ಪಿ ಸುತ್ತಿದಲ್ಲೇ ಸುತ್ತಿದ. ನಸ್ರುಲ್ಲಾ ಕಣ್ಣು ಮುಚ್ಚಿಕೊಂಡು ಹೊಗೆಯೊಳಗೆ ನುಗ್ಗಿದ. ಗಾಳಿ ಬೀಸಿ ಹೊಗೆ ಸರಿದಾಗ ಒಂದೇ ಕೋಟಿನ ಇಬ್ಬರು ಗಗನೇಂದ್ರರು ಕಣ್ಣೀರು ಸುರಿಸುತ್ತಾ ಎದುರುಬದುರು ನಿಂತಿದ್ದರು.

ಮೇಷ್ಟ್ರು ಎರಡು ಹಾಳೆ ಹಿಡಿದು ಓಡಿ ಬಂದು, "ಮಹಾಜನರೇ, ಅಣುಗಳು ಏನಾಗ್ತವೆ ಅಂದ್ರೆ..." ಎಂದು ಶುರು ಮಾಡಿದರು. ನಸ್ರುಲ್ಲಾನಿಗೆ ಎಲ್ಲಾ ಮುಗಿಯಿತು ಅನ್ನಿಸಿತು.

ಮುಂದಿನ ಚಾಪೆಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಚಿಕ್ಕಹನುಮಕ್ಕ ಎಂಬ ಮುದುಕಿ ಕೈಯೆತ್ತಿದಳು. "ಮೇಷ್ಟ್ರೇ, ನೀವು ಯಾಕೆ ಅಡ್ಡ ಬತ್ತೀರಾ? ಮೊದಲ್ನೇ ಗಗನೇಂದ್ರ ಒಳಿಕ್ಕೋಗ್ಲಿ, ಎರಡ್ನೇ ಗಗನೇಂದ್ರ ಮಾತಾಡ್ಲಿ."

"ಅಲ್ಲಮ್ಮಾ, ಮುಖಾನೇ ಬೇರೆ ಆಯ್ತಲ್ಲ, ಅದು ಹೆಂಗೆ ಅಂತ..."

"ಹೆಂಗೆ ಅಂತ ಯಾರ್ ಕೇಳಿದ್ರು? ನಮ್ಮೂರ ನಾಟ್ಕದಾಗೆ ಒಂದು ರಾಜಪಾರ್ಟ್ನ ಮೂರು ಜನ ಹಂಚ್ಕಂಡು ಕಟ್ತಾರೆ. ಮೊದಲ್ನೇ ರಾಜ ದಪ್ಪ, ಎರಡ್ನೇವ್ನು ಸಣ್ಣ, ಮೂರ್ನೇವ್ನು ಕುಳ್ಳ. ರಾಜ ರಾಜಾನೇ ಕಣಪ್ಪ. ನೀವು ನಾಟ್ಕ ನೋಡಿಲ್ವಾ?"

ನಾನೂರು ಜನ ಹೌದೆಂದು ತಲೆಯಾಡಿಸಿದರು. ಮೇಷ್ಟ್ರು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ಕದಿರಯ್ಯ ಜನಕ್ಕೆ ಕೈಮುಗಿದು ಒಳಗೆ ಹೋದ.

ಈಗ ಉಳಿದವನು ನಸ್ರುಲ್ಲಾ ಒಬ್ಬ. ಜನ ವೇಷವನ್ನು ಒಪ್ಪಿದ್ದರು. ಅವನನ್ನು ಒಪ್ಪುವುದು ಇನ್ನೂ ಬಾಕಿ ಇತ್ತು. ಎದೆ ಉಬ್ಬಿಸಿ, ಕೆರೆ ಏರಿಯಲ್ಲಿ ಕಲಿತಂತೆ ಗುಡುಗಿದ. ಗಂಟಲು ಕೀರಲಾಗಿ ಒಡೆಯಿತು. ಹಿಂದಿನಿಂದ ಒಬ್ಬ ಕಿಸಕ್ಕನೆ ನಕ್ಕ, ಅವನ ಹಿಂದೆ ಐವತ್ತು ಜನ. ಇನ್ನೊಮ್ಮೆ ಗುಡುಗಿದ. ಈ ಸಲ ದನಿಯೇ ಹೊರಡಲಿಲ್ಲ.

ಪರದೆಯ ಮರೆಯಿಂದ ಕದಿರಯ್ಯ ಮೆಲ್ಲಗೆ ಅಂದ: "ಲೋ ನಸ್ರುಲ್ಲಾ, ನನ್ ಗಂಟ್ಲು ನನ್ಜೊತೆ ಪಾವಗಡಕ್ಕೆ ಹೊಂಟೈತೆ ಕಣ್ಲಾ. ನಿನ್ ಗಂಟ್ಲಾಗೆ ಮಾತಾಡು."

ನಸ್ರುಲ್ಲಾ ತಗಡಿನ ನೌಕೆಯ ಹತ್ತಿರ ಹೋದ. ಮುಂದಿನ ಮಾತು ಆಕಾಶನೌಕೆಯ ರೇಡಿಯೊದಲ್ಲಿ ಹೇಳುವುದು. ಜೀವಮಾನವೆಲ್ಲ ರೇಡಿಯೊದ ಮುಂದೆ ಬಗ್ಗಿ ಕೂತವನಲ್ಲವೆ, ಅಭ್ಯಾಸಬಲದಿಂದ ಬಗ್ಗಿ ಕೂತ. ಅಂಗಡಿಯಲ್ಲಿ ಮಾತಾಡುವ ಅದೇ ಸಣ್ಣ ದನಿಯಲ್ಲಿ ಹೇಳಿದ:

"ಭೂಮಿಯವರೇ, ನಾನು ಗಗನೇಂದ್ರ. ಇಲ್ಲಿ ಒಬ್ಬನೇ ಇದ್ದೇನೆ. ನನ್ನ ದನಿ ಕೇಳಿಸುತ್ತಿದೆಯೇ?"

ಹಿಂದಿನ ಸಾಲಿನಲ್ಲಿ ಯಾರೋ, "ಸದ್ದು ಮಾಡ್ಬೇಡ್ರಲಾ, ಕೇಳಕ್ಕಾಗ್ತಿಲ್ಲ," ಎಂದು ಗದರಿದರು. ನಗು ನಿಂತಿತು. ತಾಯಂದಿರು ಅಳುವ ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದರು. ಕಡಲೆಕಾಯಿ ಬಿಡಿಸುತ್ತಿದ್ದವರು ಬಿಡಿಸುವುದನ್ನು ನಿಲ್ಲಿಸಿದರು. ದೂರದಲ್ಲಿ ಕೂತಿದ್ದವರು ಎದ್ದು ಬಂದು, ಸದ್ದಾಗದಂತೆ ಮುಂದೆ ಕೂತರು. ನಾನೂರು ಜನ ಕತ್ತು ಚಾಚಿ ತನಗಾಗಿ ಕಿವಿ ಕೊಟ್ಟಿರುವುದನ್ನು ನಸ್ರುಲ್ಲಾ ಕಂಡ. ಅವನಿಗೆ ಅಳು ಬಂದಂತಾಯಿತು, ಹೊಗೆಯ ನೆಪ ಹೇಳೋಣವೆಂದರೆ ಅದು ಆಗಲೇ ಹೋಗಿತ್ತು.

"ನನ್ನ ದನಿ ಕೇಳಿಸುತ್ತಿದೆಯೇ?" ಎಂದು ಇನ್ನೊಮ್ಮೆ ಕೇಳಿದ. ಅದು ಮೇಷ್ಟ್ರು ಬರೆದ ಮಾತಾಗಿರಲಿಲ್ಲ.

"ಕೇಳ್ತೈತೆ ಕಣಪ್ಪ," ಅಂದಳು ಚಿಕ್ಕಹನುಮಕ್ಕ. "ನೀನು ಹೇಳು."