ಕಳುಹಿಸದ ಮಾತು

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಇಂಜಿನಿಯರಮ್ಮ ಎಂದೇ ಕರೆಯುತ್ತಿದ್ದರು. ಫೋನಿನಲ್ಲಿ ಆಡಿದ ಮಾತು ಈಗ ಹಿಂದಿನಂತೆ ತಂತಿಯಲ್ಲಿ ಹರಿದು ಹೋಗುವುದಿಲ್ಲ. ಅದನ್ನು ಚೂರು ಮಾಡಿ, ಅಂಕಿಗಳಾಗಿಸಿ, ಹಿಂಡಿ ಚಿಕ್ಕದು ಮಾಡಿ ಕಳುಹಿಸುತ್ತಾರೆ. ಆ ಕಡೆ ಮತ್ತೆ ಜೋಡಿಸುತ್ತಾರೆ. ಹಿಂಡುವುದಕ್ಕೂ ಜೋಡಿಸುವುದಕ್ಕೂ ಎಲ್ಲ ಕಂಪನಿಗಳು ಒಪ್ಪಿದ ಒಂದೇ ಕ್ರಮ ಇರಬೇಕು. ಇಲ್ಲದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಅಂಥ ಹೊಸ ಮಾನಕವೊಂದನ್ನು ಆರಿಸುವ ಸಮಿತಿಗೆ ಪರೀಕ್ಷೆ ನಡೆಸಿಕೊಡುವುದು ಆಕೆಯ ಕೆಲಸ.

ಸ್ಪರ್ಧೆಗೆ ಬಂದ ಕಂಪನಿಗಳ ಹೆಸರು ಗುಟ್ಟಾಗಿರಲೆಂದು ಬಣ್ಣದ ಹೆಸರು ಕೊಟ್ಟಿದ್ದರು: ಕೆಂಪು, ಹಸಿರು, ನೀಲಿ. ಗುಟ್ಟು ಹೆಸರಿಗೆ ಮಾತ್ರ. ನೀಲಿ ಯಾರದೆಂದು ಕ್ಯಾಂಟೀನಿನ ಬೆಕ್ಕಿಗೂ ಗೊತ್ತಿತ್ತು.

ಆ ಬೆಳಿಗ್ಗೆ ಆಕೆ ಬೇಕೆಂದೇ ಮಾತಿನ ನಡುವಿನ ಚೂರುಗಳನ್ನು ಕಿತ್ತುಹಾಕಿ ನೋಡುತ್ತಿದ್ದಳು. ದಾರಿಯಲ್ಲಿ ಒಂದಿಷ್ಟು ಕಳೆದುಹೋದರೆ ಯಾವ ಯಂತ್ರ ಹೇಗೆ ಸಂಭಾಳಿಸುತ್ತದೆ ಎಂಬ ಪರೀಕ್ಷೆ ಅದು. ವಾಕ್ಯ ಸರಳವಾಗಿತ್ತು: ‘ಬಾಗಿಲ ಹಿಂದೆ ಹಳೆಯ ಕೊಡೆ ಇದೆ.’ ಅದರಲ್ಲಿ ‘ಕೊಡೆ’ಯನ್ನು ಪೂರ್ತಿ ತೆಗೆದು ಕಳುಹಿಸಿದಳು. ಕೆಂಪು ಆ ಜಾಗದಲ್ಲಿ ಗೊರಗೊರ ಅಂದಿತು. ಹಸಿರು ಸುಮ್ಮನಾಯಿತು. ನೀಲಿ ಮಾತ್ರ ಸ್ಪಷ್ಟವಾಗಿ, ಉಸಿರಿನ ಎಳೆಯೂ ತಪ್ಪದಂತೆ, ‘ಕೊಡೆ’ ಎಂದಿತು.

ಆಕೆ ಹೆಡ್‌ಫೋನ್ ತೆಗೆದು, ಮತ್ತೆ ಹಾಕಿಕೊಂಡಳು. ಮತ್ತೆ ಅದೇ. ತಾನು ಕಳುಹಿಸದ ಮಾತು ಆ ಕಡೆಗೆ ತಲುಪಿದ್ದು ಹೇಗೆ?

ಒಂದೇ ದಾರಿ ಹೊಳೆಯಿತು. ಪರೀಕ್ಷೆಯ ವಾಕ್ಯಗಳು ನೀಲಿಯವರ ಕೈಗೆ ಮೊದಲೇ ಸಿಕ್ಕಿವೆ. ಪ್ರಶ್ನೆಪತ್ರಿಕೆ ಸಿಕ್ಕ ಹುಡುಗ ನೂರಕ್ಕೆ ನೂರು ತೆಗೆದರೆ ಆಶ್ಚರ್ಯವೇನು? ಧ್ವನಿಮುದ್ರಣಗಳಿದ್ದ ಕೋಣೆಗೆ ಇದ್ದದ್ದು ಎರಡು ಬೀಗದ ಕೈ. ಒಂದು ಮುಖ್ಯಸ್ಥರ ಬಳಿ. ಮಾತನ್ನು ತೂಗಿ ತೂಗಿ ಆಡುವ ಅವರಿಗೆ ತೂಕದ ಸಾಹೇಬರೆಂದೇ ಹೆಸರು. ಇನ್ನೊಂದು ಗುಬ್ಬಿಯ ಬಳಿ.

ಗುಬ್ಬಿ ಬೇರೆ ಯಾರೂ ಅಲ್ಲ, ಆಕೆಯ ನಾದಿನಿ, ಗಂಡನ ಒಬ್ಬಳೇ ತಂಗಿ. ಪ್ರಯೋಗಾಲಯದಲ್ಲಿ ಧ್ವನಿ ಮುದ್ರಿಸುವವಳು ಅವಳೇ. ಆ ವಾಕ್ಯಗಳನ್ನು ಓದಿದ ಧ್ವನಿಯೂ ಅವಳದೇ. ಇರುವುದು ಅಣ್ಣನ ಮನೆಯಲ್ಲೇ.

ಆಕೆ ಮುದ್ರಣದ ಕೋಣೆಗೆ ಹೋದಳು. ಗುಬ್ಬಿ ಕಿಟಕಿಯ ಕಡೆ ಮುಖ ಮಾಡಿ ಕೇಬಲ್ ಸುತ್ತುತ್ತಿದ್ದಳು.

“ಗುಬ್ಬೀ, ಈ ಮುದ್ರಣಗಳನ್ನ ಯಾರಿಗಾದ್ರೂ ಕೊಟ್ಟಿದ್ದೀಯಾ?”

ಉತ್ತರವಿಲ್ಲ. ಇನ್ನೊಮ್ಮೆ ಕೇಳಿದಾಗ ಬೆಚ್ಚಿ ತಿರುಗಿದಳು. “ಆಂ? ಹೂಂ ಅತ್ತಿಗೆ, ಎಲ್ಲಾ ಎತ್ತಿಟ್ಟಿದ್ದೀನಿ,” ಎಂದು ಕೇಳದ್ದಕ್ಕೆ ಉತ್ತರ ಕೊಟ್ಟು, ಮುಖ ಕೆಂಪಗೆ ಮಾಡಿಕೊಂಡು, ಹೊರಗೆ ನಡೆದೇಬಿಟ್ಟಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಇವಳು, ಅಂದುಕೊಂಡಳು ಇಂಜಿನಿಯರಮ್ಮ. ಅಲ್ಲಿಂದ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಾಯಿತು. ಗುಬ್ಬಿ ಈಚೆಗೆ ಮನೆಯಲ್ಲಿ ಫೋನ್ ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊಟದ ಹೊತ್ತಿನಲ್ಲಿ ಪ್ರಯೋಗಾಲಯದಿಂದ ಮಾಯವಾಗುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಅಂದರೆ “ಹೀಗೇ, ಒಂದು ಸುತ್ತು” ಅನ್ನುತ್ತಿದ್ದಳು. ನಡೆಯುವುದೆಂದರೆ ಮೂಗು ಮುರಿಯುವವಳಿಗೆ ಸುತ್ತು ಯಾವುದು?

ಒಂದು ಮಧ್ಯಾಹ್ನ ಆಕೆ ಹಿಂಬಾಲಿಸಿದಳು. ಗುಬ್ಬಿ ಟ್ರಾಮ್ ನಿಲ್ದಾಣ ದಾಟಿ, ಬೂದುಬಣ್ಣದ ಎತ್ತರದ ಕಟ್ಟಡವೊಂದನ್ನು ಹೊಕ್ಕು ಲಿಫ್ಟ್ ಏರಿದಳು. ಕೆಳಗಿನ ಗೋಡೆಯ ಮೇಲೆ ಕಚೇರಿಗಳ ಫಲಕ. ಮೇಲಿನಿಂದ ಓದುತ್ತ ಬಂದವಳ ಕಣ್ಣು ಒಂದು ಹೆಸರಿನ ಮೇಲೆ ನಿಂತಿತು. ನೀಲಿ ಕಂಪನಿಯ ಹೆಸರು. ಮುಂದಿನದನ್ನು ಆಕೆ ಓದಲಿಲ್ಲ. ಮೆಟ್ಟಿಲು ಹತ್ತಿ ಆ ಕಂಪನಿಯ ಗಾಜಿನ ಬಾಗಿಲವರೆಗೆ ಹೋಗಿ ಇಣುಕಿದಳು. ಸ್ವಾಗತದ ಮೇಜಿನ ಹಿಂದೆ ಯಾರೋ ಒಬ್ಬರು ನಗುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಗುಬ್ಬಿ ಕಾಣಲಿಲ್ಲ. ಒಳಗೆ ಕರೆದುಕೊಂಡು ಹೋಗಿರುತ್ತಾರೆ, ಅಷ್ಟೇ. ಆಕೆ ಇಳಿದುಬಂದಳು.

ಮನೆಯಲ್ಲಿ ಗಂಡನಿಗೆ ಹೇಳೋಣವೆಂದರೆ ತಂಗಿಯೆಂದರೆ ಪ್ರಾಣ ಬಿಡುವವನು. ಹೇಳದೆ ಇದ್ದರೆ, ಕೋಟ್ಯಂತರ ಜನ ಬಳಸುವ ಫೋನುಗಳಿಗೆ ಮೋಸದ ಮಾನಕವೊಂದು ತಗಲಿಕೊಳ್ಳುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ ಒಂದು ರಾತ್ರಿ ಕಳೆದು, ಬೆಳಗಾಗುತ್ತಲೇ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಸಾಹೇಬರು ಕನ್ನಡಕ ಒರೆಸಿದರು. “ಮನೆಯವಳೇ ಅಂತೀರಿ… ಖಾತ್ರಿ ಇದೆಯಾ?”

“ಕಣ್ಣಾರೆ ನೋಡಿದ್ದೀನಿ ಸಾರ್.”

ಅಂದೇ ಗುಬ್ಬಿಯಿಂದ ಬೀಗದ ಕೈ ಹೋಯಿತು. ಕಾರಣ ಹೇಳಲಿಲ್ಲ. ಸದ್ಯಕ್ಕೆ ಮನೆಯಲ್ಲಿರಿ ಎಂದರು. ರಾತ್ರಿ ಊಟಕ್ಕೆ ಕೂತಾಗ ಗುಬ್ಬಿ ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದಳು, “ಅತ್ತಿಗೆ, ನಿಮಗೇನಾದ್ರೂ ಗೊತ್ತಾ? ಯಾರು ಏನು ಹೇಳಿದ್ರು?”

“ನಂಗೇನ್ ಗೊತ್ತು ಗುಬ್ಬಿ,” ಎಂದಳು ಆಕೆ. ಸುಳ್ಳು ನಾಲಿಗೆಯ ಮೇಲಿಂದ ಸಲೀಸಾಗಿ ಜಾರಿತು.

“ಯಾವನೋ ಹಿತ್ತಾಳೆ ಕಿವಿಯೋನ ಹತ್ರ ಯಾರೋ ಚಾಡಿ ಹೇಳಿರ್ತಾರೆ ಬಿಡು,” ಎಂದು ಗಂಡ ತಂಗಿಯ ತಟ್ಟೆಗೆ ಇನ್ನಷ್ಟು ಬಡಿಸಿದ.

ಸಮಿತಿಯ ಮುಂದೆ ನಿಲ್ಲಲು ಬಾಯಿಮಾತು ಸಾಲದು, ಪುರಾವೆ ಬೇಕು. ನೀಲಿಯವರಿಗೆ ಮೊದಲೇ ಸಿಕ್ಕಿರಲಾರದ ಧ್ವನಿ, ವಾಕ್ಯ ಬೇಕೆಂದು ಆಕೆ ಗಂಡನನ್ನು ಕೂರಿಸಿ ಮುಂದೆ ಮೈಕ್ ಇಟ್ಟಳು.

“ಬಾಗಿಲ ಹಿಂದೆ ಹಳೆಯ ಏಣಿ ಇದೆ ಅನ್ರೀ.”

“ನಮ್ಮನೇಲಿ ಏಣಿ ಎಲ್ಲಿದೆ? ಪರದೆ ಹಾಕೋಕೂ ನಾನು ಕುರ್ಚಿ ಮೇಲೆ ಕುರ್ಚಿ ಇಟ್ಟು ಹತ್ತಬೇಕು.”

“ಸುಮ್ನೆ ಹೇಳ್ರೀ.”

ಹೇಳಿದ. ಮರುದಿನ ಅದರಲ್ಲಿ ‘ಏಣಿ’ಯನ್ನು ಕಿತ್ತು ನೀಲಿಗೆ ಕಳುಹಿಸಿದಳು. ಹೆಡ್‌ಫೋನಿನಲ್ಲಿ ಗಂಡನ ಧ್ವನಿ ಬಂತು. ಅದೇ ಒರಟು, ಅದೇ ರಾಗ: “ಬಾಗಿಲ ಹಿಂದೆ ಹಳೆಯ ಕೊಡೆ ಇದೆ.”

ಗಂಡ ಆಡದ ಮಾತನ್ನು ಗಂಡನ ಬಾಯಲ್ಲೇ ಆಡಿಸಿತ್ತು ಆ ಯಂತ್ರ. ನಾಳೆ ಯಾರೋ ವೈದ್ಯರು ಫೋನಿನಲ್ಲಿ ಹೇಳಿದ ಔಷಧಿಯ ಹೆಸರು ದಾರಿಯಲ್ಲಿ ಕಳೆದುಹೋದರೆ, ಇದು ತನಗೆ ರೂಢಿಯಾದ ಇನ್ನೊಂದು ಹೆಸರನ್ನು ಅದೇ ವೈದ್ಯರ ಧ್ವನಿಯಲ್ಲಿ ಹೇಳಿಬಿಟ್ಟರೆ?

ಸಮಿತಿಯ ಸಭೆಯಲ್ಲಿ ಆಕೆ ಅದನ್ನು ಕೇಳಿಸಿದಳು. ನೀಲಿ ಕಂಪನಿಯಿಂದ ಬಂದಿದ್ದ ತಜ್ಞೆಯ ಮುಖ ಇಳಿದುಹೋಯಿತು. “ಇದು ಹೀಗೆ ಮಾಡುತ್ತೆ ಅಂತ ನಮಗೇ ಗೊತ್ತಿರಲಿಲ್ಲ,” ಎಂದಳು.

“ಆದರೆ ನಮ್ಮ ಗುಟ್ಟಿನ ವಾಕ್ಯಗಳು ನಿಮಗೆ ಸಿಕ್ಕಿದ್ದು ಹೇಗೆ? ಅದನ್ನ ಹೇಳಿ ಮೊದಲು,” ಎಂದಳು ಇಂಜಿನಿಯರಮ್ಮ.

ತಜ್ಞೆ ಕಣ್ಣರಳಿಸಿದಳು. “ಗುಟ್ಟೇ? ಹಿಂದಿನ ಮಾನಕ ಮಾಡಿದಾಗ ಇದೇ ಮುದ್ರಣಗಳನ್ನ ನೀವೇ ಎಲ್ಲ ಕಂಪನಿಗಳಿಗೂ ಕೊಟ್ಟಿದ್ರಲ್ಲ. ಅಭ್ಯಾಸಕ್ಕೆ ಅಂತ. ನಾವು ಯಂತ್ರಕ್ಕೆ ಕಲಿಸಿದ್ದು ಅದರಿಂದಲೇ. ಈ ಸಲ ಹೊಸದು ಇರುತ್ತೆ ಅಂದ್ಕೊಂಡಿದ್ವಿ.”

ಎಲ್ಲರೂ ಸಾಹೇಬರ ಕಡೆ ನೋಡಿದರು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೌದು,” ಎಂದರು. “ಕೊಟ್ಟಿದ್ವಿ, ಇವರು ಇಲ್ಲಿಗೆ ಸೇರೋಕೆ ಮುಂಚೆ. ನನಗೆ ಮರೆತೇಹೋಗಿತ್ತು.”

ಕಳ್ಳತನವೇ ಇಲ್ಲದ ಕಡೆ ಕಳ್ಳಿಯನ್ನು ಹಿಡಿದಾಗಿತ್ತು.

ಹಾಗಾದರೆ ಆ ಕಟ್ಟಡ? ಆಕೆ ನೇರ ಅಲ್ಲಿಗೇ ಹೋದಳು. ಅಂದು ಅರ್ಧಕ್ಕೆ ಬಿಟ್ಟಿದ್ದ ಫಲಕವನ್ನು ಪೂರ್ತಿ ಓದಿದಳು. ನೀಲಿಯವರ ಹೆಸರಿನ ಕೆಳಗೆ ಒಬ್ಬ ವಕೀಲರು, ಅವರ ಕೆಳಗೆ ಕಿವಿ ಪರೀಕ್ಷೆಯ ಚಿಕಿತ್ಸಾಲಯ.

ಮನೆಗೆ ಬಂದಾಗ ಗುಬ್ಬಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಆಕೆ ಒಂದನ್ನೂ ಬಚ್ಚಿಡದೆ ಹೇಳಿದಳು: ಹಿಂಬಾಲಿಸಿದ್ದು, ಸಾಹೇಬರ ಹತ್ತಿರ ಹೋದದ್ದು, ಊಟದ ಹೊತ್ತಿನ ಸುಳ್ಳು. “ತಪ್ಪಾಯ್ತು ಗುಬ್ಬಿ. ದೊಡ್ಡ ತಪ್ಪಾಯ್ತು.”

ಗುಬ್ಬಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಮುಗಿಸಿದಳು. “ಎಡಗಿವಿ ಹೋಗ್ತಾ ಇದೆ ಅತ್ತಿಗೆ. ಧ್ವನಿ ಮುದ್ರಿಸೋಳಿಗೆ ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಕೆಲಸದಲ್ಲಿ ಇಟ್ಕೋತಾರಾ? ಅಣ್ಣ ನಿದ್ದೆ ಬಿಡ್ತಾನೆ ಅಂತ ಅವನಿಗೂ ಹೇಳಲಿಲ್ಲ. ನಿಮಗೆ ಹೇಳೋಣ ಅಂದ್ಕೋತಾನೇ ಇದ್ದೆ.” ಮಡಿಸಿದ ಅಂಗಿಯನ್ನು ಬುಟ್ಟಿಗೆ ಹಾಕಿದಳು. “ಮೆಟ್ಟಿಲು ಹತ್ತಿ ಅಷ್ಟು ದೂರ ಬಂದವರಿಗೆ, ಎಲ್ಲಿಗೆ ಬಂದೆ ಅಂತ ನನ್ನನ್ನೇ ಕೇಳೋಕಾಗ್ಲಿಲ್ವಾ?”

ಉತ್ತರಕ್ಕೆ ಕಾಯದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸಮಿತಿ ಹಳೆಯ ವಾಕ್ಯಗಳನ್ನೆಲ್ಲ ಕೈಬಿಟ್ಟಿತು. ಹೊಸ ಜನ, ಹೊಸ ಧ್ವನಿಗಳು ಬಂದವು: ತೊದಲುವವರು, ಮುದುಕರು, ಮಾತು ನುಂಗುವವರು. ಕಳೆದುಹೋದ ಮಾತನ್ನು ಯಾವ ಯಂತ್ರವೂ ತಾನಾಗಿ ಹುಟ್ಟಿಸಿಕೊಂಡು ಆಡಬಾರದು, ಜಾಗ ಖಾಲಿ ಬಿಡಬೇಕು ಎಂಬ ನಿಯಮವೂ ಮಾನಕಕ್ಕೆ ಸೇರಿತು. ಅದನ್ನು ಬರೆದದ್ದು ಇಂಜಿನಿಯರಮ್ಮನೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಗೆದ್ದದ್ದು ಹಸಿರು. ಕಿವಿಯ ವಿಷಯವನ್ನೂ ತಿಳಿದ ಸಾಹೇಬರು ಗುಬ್ಬಿಯನ್ನು ಕರೆಸಿ, ಬೀಗದ ಕೈ ಮುಂದಿಟ್ಟು, ಕ್ಷಮೆ ಕೇಳಿದರು. ಕಿವಿಗೆ ಸಾಧನ ಹಾಕಿಕೊಂಡು ಕೆಲಸ ಮಾಡಿ, ಯಾರೂ ಏನೂ ಅನ್ನುವುದಿಲ್ಲ ಎಂದರು. ಅವಳು ಬೀಗದ ಕೈ ಮುಟ್ಟಲಿಲ್ಲ. ಮೊಬೈಲ್ ಗೋಪುರಗಳ ಸಿಗ್ನಲ್ ಅಳೆಯುವ ಇನ್ನೊಂದು ವಿಭಾಗ ಕೇಳಿ ಪಡೆದುಕೊಂಡಳು. ಅದರ ಹತ್ತಿರವೇ ಒಂದು ಕೋಣೆ ಹಿಡಿದು ಹೊರಟುಹೋದಳು.

ರಜೆಯ ದಿನ ಅಣ್ಣನನ್ನು ನೋಡಲು ಈಗಲೂ ಬರುತ್ತಾಳೆ. ಅಡುಗೆ ಚೆನ್ನಾಗಿದೆ ಅನ್ನುತ್ತಾಳೆ, ಪಾತ್ರೆ ತೊಳೆಯಲು ಕೈ ಜೋಡಿಸುತ್ತಾಳೆ, ಸಿಡುಕಿನ ಒಂದು ಮಾತಿಲ್ಲ. ಆದರೆ ಅತ್ತಿಗೆ ಎನ್ನುವುದನ್ನು ಬಿಟ್ಟಿದ್ದಾಳೆ. “ಇಲ್ನೋಡಿ,” “ನೀರು ಕೊಡ್ತೀರಾ,” ಅಷ್ಟೇ. ಗಂಡ ಅದನ್ನು ಗಮನಿಸಿದಂತಿಲ್ಲ. ಇಂಜಿನಿಯರಮ್ಮ ಮಾತ್ರ ಅವಳ ಪ್ರತಿ ಮಾತು ಶುರುವಾಗುವಾಗಲೂ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳುತ್ತಾಳೆ.